ಮುರಿದ ಹೋಳಿಗೆ ಮೊದಲು

ನಿಮ್ಮ ಅಕ್ಕ ಕಾನೂನು ಕಾಲೇಜಿಗೆ ಹೋದಮೇಲೆ ಒಂದು ಮಳೆಗಾಲ ಕಳೆದುಹೋಯಿತು. ನೀವಿಬ್ಬರೂ ಬೆಂಗೇರಿಯಿಂದ ರವಿವಾರ ಈ ಅಜ್ಜಿಯ ಮನೆಗೆ ಬಂದಾಗಲೆಲ್ಲ, "ಅಕ್ಕಗ ಮಾರ್ಕ್ಸ್ ಕಡಿಮಿ ಬಂದಾವ ಅಂತಿದ್ರು, ಮತ್ತ ಅಷ್ಟ ದೊಡ್ಡ ಕಾಲೇಜು ಹೆಂಗ ಸಿಕ್ತು ಆಯಿ?" ಎಂದು ಕೇಳುತ್ತೀರಿ. ನನಗೆ ಎದುರಿಗೆ ಕುಳಿತು ಹೇಳಲು ಬರುವುದಿಲ್ಲ. ಅರ್ಧ ಹೇಳುತ್ತಿದ್ದಂತೆ ಚಹಾ ಇಡಬೇಕೆಂಬ ನೆಪ ಸಿಕ್ಕಿ ಎದ್ದುಬಿಡುತ್ತೇನೆ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹೆಬ್ಬಳ್ಳಿ ಹತ್ತಿರದ ಹಳ್ಳಿಯ ಸಾಲಿಯಲ್ಲಿ ಏಳನೆಯ ಇಯತ್ತೆಗೆ ಬಿಟ್ಟ ಅಕ್ಷರ ಇದು. ತಪ್ಪಿದ್ದಲ್ಲಿ ನೀವೇ ತಿದ್ದಿಕೊಳ್ಳಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹುಬ್ಬಳ್ಳಿ ವಿದ್ಯಾನಗರದ ಈ ಮನೆಯಲ್ಲಿ ಹಗಲು ನಾನೊಬ್ಬಳೇ. ನಿಮ್ಮ ಮಾಮಾ ಬೆಳಿಗ್ಗೆ ಧಾರವಾಡದ ಕಚೇರಿಗೆ, ಮಾಮಿ ಹೈಸ್ಕೂಲಿಗೆ ಹೋಗುತ್ತಾರೆ. ಓಣಿಯ ಹೆಂಗಸರು ಸಂಜೆ ಕಟ್ಟೆಯ ಮೇಲೆ ಕೂಡುತ್ತಾರೆ. ಕರೆದರೆ ನಾನು ಹೋಗುತ್ತೇನೆ, ನಗುತ್ತೇನೆ, ಸೊಪ್ಪು ಸೋಸಿಕೊಡುತ್ತೇನೆ, ಬರುತ್ತೇನೆ. ಮಾತಾಡುವುದು ನನಗೆ ಒಗ್ಗಿದ ಕೆಲಸವಲ್ಲ. ಅಜ್ಜ ಇದ್ದಾಗ ಅವರೇ ಇಬ್ಬರ ಮಾತನ್ನೂ ಆಡುತ್ತಿದ್ದರು. ಅವರು ಹೋದಮೇಲೆ ಕೆಲವು ದಿನ ಮಧ್ಯಾಹ್ನ ಬಾಗಿಲು ಬಡಿದವರಿಗೆ ಉತ್ತರ ಕೊಡುವಾಗ ನನ್ನ ದನಿ ಒಡೆದು ಬರುತ್ತಿತ್ತು. ಬೆಳಗಿನಿಂದ ಬಳಸಿರದ ದನಿ.

ಆಗ ಮಾಮಾನ ಮಗಳಾದ ನಿಮ್ಮ ಅಕ್ಕ ತನ್ನ ಹಾಸಿಗೆಯನ್ನೂ ಪುಸ್ತಕಗಳನ್ನೂ ನನ್ನ ಕೋಣೆಗೆ ತಂದಳು. ಯಾರೂ ಹೇಳಿರಲಿಲ್ಲ. ಕಾನೂನು ಕಲಿಯಬೇಕೆಂಬ ಮನಸ್ಸು ಅವಳಿಗೆ ಅಷ್ಟರಲ್ಲಾಗಲೇ ಬಂದಿತ್ತು. ದೇಶದ ದೊಡ್ಡ ಕಾನೂನು ಕಾಲೇಜುಗಳಿಗೆಲ್ಲ ಒಂದೇ ಪ್ರವೇಶ ಪರೀಕ್ಷೆಯಂತೆ. ಅದರಲ್ಲಿ ಉದ್ದುದ್ದ ಇಂಗ್ಲಿಷ್ ಬರಹ ಕೊಟ್ಟು ಪ್ರಶ್ನೆ ಕೇಳುತ್ತಾರಂತೆ. ದಿನವೂ ಗಟ್ಟಿಯಾಗಿ ಓದಿರಿ ಎಂದು ತರಬೇತಿಯ ಸರ್ ಹೇಳಿದ್ದರು. "ಗೋಡಿಗೆ ಓದಿದ್ರ ನಿದ್ದಿ ಬರ್ತದ, ನಿನಗ ಓದ್ತೀನಿ" ಎಂದು ನನ್ನ ಮುಂದೆ ಕುಳಿತಳು. ಮೊದಲು ಇಂಗ್ಲಿಷಿನಲ್ಲಿ ಓದುವಳು, ಆಮೇಲೆ ಅದರಲ್ಲಿ ಏನಿದೆ ಎಂದು ನಮ್ಮ ಮಾತಿನಲ್ಲಿ ಹೇಳುವಳು. ನನಗೆ ತಿಳಿದರೆ ಅವಳಿಗೂ ತಿಳಿದಂತೆ ಎಂಬುದು ಅವಳ ಲೆಕ್ಕ.

ಒಬ್ಬನ ಹಿತ್ತಲಿನ ಗಿಡ ಗಾಳಿಗೆ ಮುರಿದು ಇನ್ನೊಬ್ಬನ ಗೋಡೆಯ ಮೇಲೆ ಬಿದ್ದರೆ ತಪ್ಪು ಯಾರದು? ಇಂಥವೇ ಪ್ರಶ್ನೆಗಳು. ನಾನು ಬದನೆಕಾಯಿ ಹೆಚ್ಚುತ್ತ ಯೋಚಿಸಿ, "ಗಿಡ ಒಣಗಿದ್ದು ಅಂವಗ ಗೊತ್ತಿತ್ತೇನು?" ಎಂದರೆ ಅವಳು ಚಪ್ಪಾಳೆ ತಟ್ಟುವಳು. "ಇಬ್ಬರದೂ ಸ್ವಲ್ಪ ಸ್ವಲ್ಪ ತಪ್ಪದ" ಎಂದರೆ, "ಆಯಿ, ನಾಲ್ಕು ಉತ್ತರದಾಗ ಒಂದು ಆರಿಸ್ಬೇಕು. ಇಲ್ಲಿ ಪಂಚಾಯ್ತಿ ಮಾಡೂಹಂಗಿಲ್ಲ" ಎಂದು ನಗುವಳು. ಆ ಎರಡು ವರ್ಷ ನಾನು ಎಷ್ಟು ಜನರ ವ್ಯಾಜ್ಯ ತೀರಿಸಿದೆನೋ. ದಿನದಲ್ಲಿ ನನ್ನ ಅಭಿಪ್ರಾಯವನ್ನು ಯಾರಾದರೂ ಕೇಳುತ್ತಿದ್ದ ಹೊತ್ತು ಅದೊಂದೇ.

ಚಳಿಗಾಲದಲ್ಲಿ ಪರೀಕ್ಷೆ ಆಯಿತು, ಸ್ವಲ್ಪ ದಿನಕ್ಕೆ ಫಲಿತಾಂಶವೂ ಬಂತು. ಅಂಕಗಳು ತೀರಾ ಕಡಿಮೆ ಅಲ್ಲ, ಹೇಳಿಕೊಳ್ಳುವಷ್ಟೂ ಅಲ್ಲ. ನಿಮ್ಮ ಮಾಮಾ ಫೋನನ್ನು ಮೇಲೆ ಕೆಳಗೆ ಮಾಡಿ ನೋಡಿ, "ಇರ್ಲಿ, ಪಾಡ ಅದ" ಎಂದ. ಪರವಾಗಿಲ್ಲ ಎಂಬ ಆ ಮಾತು ಹೇಳುವಾಗ ಅವನು ಮಗಳ ಕಡೆಗೆ ನೋಡಲಿಲ್ಲ.

ಮರುದಿನ ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ಎದುರು ಮನೆಯ ಹೆಂಗಸು ಕರಿಬೇವು ಕೇಳಲು ಬಂದರು.

"ಎಷ್ಟ ಬಂದ್ವರೀ ಮೊಮ್ಮಗಳಿಗೆ?"

"ಬಂದಾವ್ರಿ."

"ಬಂದಾವಂದ್ರ ಎಷ್ಟರೀ? ನಮ್ಮ ಅಣ್ಣನ ಮಗಗ ಹೋದ ವರ್ಷ ಭಾಳ ಛಲೋ ಬಂದಿದ್ವು, ಆದ್ರೂ ದೊಡ್ಡ ಕಾಲೇಜು ಸಿಗಲಿಲ್ಲ ನೋಡ್ರಿ. ನಿಮಗೇನ ಬಿಡ್ರಿ, ನಿಮ್ಮವ್ರಿಗೆ ಬ್ಯಾರೆ ಯಾದಿ ಇರ್ತದ. ಚಿಂತಿಲ್ಲ."

ಅವರು ನಗುತ್ತಲೇ ಹೇಳಿದರು. ಕೆಟ್ಟ ಹೆಂಗಸಲ್ಲ. ನಿಮ್ಮ ಅಜ್ಜ ಹೋದಾಗ ಹತ್ತು ದಿನ ನಮ್ಮ ಮನೆಗೆ ರೊಟ್ಟಿ ಮಾಡಿ ಕಳಿಸಿದವರು. ನಾನು "ಹೌದ್ರಿ" ಎಂದು ಕರಿಬೇವು ಮುರಿದುಕೊಟ್ಟು ಒಳಗೆ ಬಂದೆ. ನಿಮ್ಮ ಅಕ್ಕ ಕಿಟಕಿಯ ಹತ್ತಿರವೇ ಕುಳಿತಿದ್ದಳು. ಏನೂ ಕೇಳಿಲ್ಲವೆಂಬಂತೆ ಪುಸ್ತಕದ ಹಾಳೆ ತಿರುವಿದಳು. ಆ ಹಾಳೆಯಲ್ಲಿ ಏನೂ ಬರೆದಿರಲಿಲ್ಲ.

ಅಪ್ಪ ಮಗಳು ತರಬೇತಿಯ ಸರ್ ಹತ್ತಿರ ಹೋಗಿ ಬಂದರು. ಸರ್ ಕಾಲೇಜುಗಳನ್ನು ಮೂರು ಪಾಲು ಮಾಡಿದ್ದರಂತೆ. ಎಲ್ಲಕ್ಕಿಂತ ಮೇಲಿನವು ಈ ಅಂಕಕ್ಕೆ ಕಷ್ಟ. ನಡುವಿನವು, ಮುಂದಿನ ಸುತ್ತುಗಳಲ್ಲಿ ಜನ ಬಿಟ್ಟುಹೋದಂತೆ ನಮ್ಮ ವರ್ಗದ ಮೀಸಲು ಯಾದಿಯಲ್ಲಿ ಸಿಕ್ಕರೂ ಸಿಗಬಹುದು. ಕೆಳಗಿನವು ಖಾತ್ರಿ. ಯಾವ ಕಾಲೇಜು ಬೇಕೆಂದು ನಾವೇ ಒಂದರ ಕೆಳಗೊಂದು ಯಾದಿ ಮಾಡಿ ಬರೆದು ಕಳಿಸಬೇಕು. ಮೊದಲು ಬರೆದದ್ದು ಸಿಗದಿದ್ದರೆ ಮುಂದಿನದು, ಅದೂ ಸಿಗದಿದ್ದರೆ ಅದರ ಮುಂದಿನದು. ದೊಡ್ಡದನ್ನು ಮೊದಲು ಬರೆದರೆ ಏನೂ ಕಳೆದುಕೊಳ್ಳುವುದಿಲ್ಲ, ಆದರೆ ಸಣ್ಣದನ್ನು ಮೊದಲು ಬರೆದು ಅದು ಸಿಕ್ಕಿತೆಂದರೆ ಮೇಲಿನದನ್ನು ಯಾರೂ ತಿರುಗಿ ಕೇಳುವುದಿಲ್ಲ. ನಿಮ್ಮ ಮಾಮಾ ಇದನ್ನೆಲ್ಲ ಊಟದ ಹೊತ್ತಿಗೆ ನನಗೂ ಬಿಡಿಸಿ ಹೇಳಿದ. ಯಾದಿ ಬರೆಯುವ ಕೆಲಸವನ್ನು ಮಗಳಿಗೇ ಬಿಟ್ಟ. "ಓದಾಕಿ ನೀನು, ನೀನ ಬರಿ" ಎಂದ.

ಆ ದಿನಗಳಲ್ಲಿ ಅವಳು ನನಗೆ ಓದುವುದನ್ನು ನಿಲ್ಲಿಸಿದಳು. ಪರೀಕ್ಷೆ ಮುಗಿದಿತ್ತಲ್ಲ, ಓದಲು ಕಾರಣವೂ ಇರಲಿಲ್ಲ. ಒಂದೇ ಕೋಣೆಯಲ್ಲಿ ಬೆನ್ನು ತಿರುಗಿಸಿ ಮಲಗಿರುತ್ತಿದ್ದಳು. ನಾನು ವೃತ್ತಪತ್ರಿಕೆಯನ್ನು ಅವಳ ಹಾಸಿಗೆಯ ಮೇಲೆ ಇಡುತ್ತಿದ್ದೆ, ಸಂಜೆ ಅದು ಮಡಿಕೆ ಬಿಚ್ಚದೆ ಅಲ್ಲೇ ಇರುತ್ತಿತ್ತು. ಓದು ಎಂದು ಹೇಳಬಹುದಿತ್ತು. ಅಷ್ಟು ಕೇಳುವುದಕ್ಕೂ ನನಗೆ ಭಿಡೆ. ಮಕ್ಕಳೇ, ಒಬ್ಬರೇ ಇರುವುದಕ್ಕಿಂತ ಹೀಗೆ ಇಬ್ಬರಿದ್ದು ಸುಮ್ಮನಿರುವ ಕೋಣೆ ಕಷ್ಟ. ಒಬ್ಬರೇ ಇದ್ದರೆ ಪಾತ್ರೆಯ ಸಪ್ಪಳವಾದರೂ ಮಾಡಬಹುದು.

ಒಂದು ಮಧ್ಯಾಹ್ನ ತಾನಾಗಿಯೇ ಎದ್ದು ಕುಳಿತು, "ಯಾದಿ ಬರದೆ, ಕೇಳು" ಎಂದು ಫೋನು ನೋಡಿ ಓದಿದಳು. ಎಲ್ಲಕ್ಕೂ ಮೊದಲು ಇದ್ದದ್ದು ಘಟ್ಟದ ಕೆಳಗಿನ ಒಂದು ಹೊಸ ಕಾಲೇಜು, ಸರ್ ಖಾತ್ರಿ ಎಂದಿದ್ದರಲ್ಲ, ಆ ಪಾಲಿನದು. ನಮಗೆ ಎಲ್ಲಕ್ಕಿಂತ ಹತ್ತಿರ. ಬೆಳಿಗ್ಗೆ ಗಾಡಿ ಹತ್ತಿದರೆ ಊಟದ ಹೊತ್ತಿಗೆ ಹುಬ್ಬಳ್ಳಿ. ಆಮೇಲೆ ಹಾಗೇ ಇನ್ನೆರಡು. ಎಲ್ಲರೂ ಹೆಸರು ಹೇಳುವ ದೊಡ್ಡ ಕಾಲೇಜುಗಳು ಕಟ್ಟಕಡೆಗೆ ಇದ್ದವು. ನನಗೆ ಮಾಮಾ ಹೇಳಿದ ಮಾತು ನೆನಪಿತ್ತು. ಇದು ತಲೆಕೆಳಗಾಗಿದೆ ಎಂದು ತಿಳಿಯಿತು. ಆದರೂ ನಾನು ಏನೂ ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ ಎಂದರೆ, ನನಗೆ ಸಂತೋಷವಾಗಿತ್ತು. ನನ್ನನ್ನು ಬಿಟ್ಟು ದೂರ ಹೋಗಬಾರದೆಂದು ಹೀಗೆ ಬರೆದಿದ್ದಾಳೆ ಎಂದುಕೊಂಡೆ. ಆ ಸಂಜೆ ರೊಟ್ಟಿ ಬಡಿಯುವಾಗ ಕೈ ಹಗುರಾಗಿತ್ತು. ಮಾಮಿ ಕೂಡ, "ಏನ್ರಿ ಅತ್ತಿ, ಇವತ್ತ ಹಾಡು ಗುನುಗಾಕತ್ತೀರಿ?" ಎಂದು ಕೇಳಿದಳು.

ಅದಾದ ಮೇಲೆ ಬಂದದ್ದು ಎಳ್ಳಮಾವಾಸ್ಯೆ. ಯಾದಿ ತಿದ್ದಲು ಮರುದಿನದವರೆಗೆ ಮಾತ್ರ ಅವಕಾಶವಿತ್ತು. ಹೆಬ್ಬಳ್ಳಿಯ ಕಡೆ ನನ್ನ ತಮ್ಮನ ತುಂಡು ಹೊಲವಿದೆ, ನಿಮಗೆ ಗೊತ್ತು. ಪ್ರತಿವರ್ಷದಂತೆ ಭೂಮಿತಾಯಿಗೆ ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೋದೆವು. ಬರುವುದಿಲ್ಲ ಎನ್ನುತ್ತಿದ್ದ ನಿಮ್ಮ ಅಕ್ಕನನ್ನು ಮಾಮಾ ಎಬ್ಬಿಸಿಕೊಂಡು ಬಂದ. ಜೋಳ ಎದೆಮಟ್ಟ ನಿಂತಿತ್ತು, ಕಡಲೆ ಕಾಯಿ ಕಟ್ಟಿತ್ತು. ಹೊಲದ ಸುತ್ತ ಅನ್ನ, ಸಜ್ಜಿ ಕಡಬು ಚೆಲ್ಲಿ ಬಂದು ಎಲ್ಲರೂ ಬೇವಿನ ಗಿಡದ ಕೆಳಗೆ ಊಟಕ್ಕೆ ಕುಳಿತೆವು. ನಾನು ಶೇಂಗಾ ಹೋಳಿಗೆಯ ಡಬ್ಬಿ ತೆಗೆದು ಅವಳ ಮುಂದೆ ಹಿಡಿದೆ.

ಶೇಂಗಾ ಹೋಳಿಗೆ ಎಷ್ಟು ಜೋಪಾನವಾಗಿ ಒಯ್ದರೂ ಒಂದೆರಡು ಮುರಿಯುತ್ತವೆ. ಅವಳು ಮೇಲಿನ ಇಡಿ ಹೋಳಿಗೆಗಳನ್ನು ಬೆರಳಿನಿಂದ ಸರಿಸಿ, ಅಡಿಯಲ್ಲಿದ್ದ ಮುರಿದ ಚೂರನ್ನು ಹುಡುಕಿ ತೆಗೆದುಕೊಂಡಳು. ನೀವೂ ಹಾಗೇ ಮಾಡುತ್ತೀರಿ. ಮುರಿದದ್ದನ್ನು ಮೊದಲು ತಗೋಬೇಕು, ಇಡಿದ್ದಕ್ಕೆ ಮೊದಲು ಕೈ ಹಾಕಬಾರದು ಎಂಬುದು ನಮ್ಮ ಮನೆಯ ರೀತಿ. ನನ್ನ ಅವ್ವನಿಂದ ನನಗೆ ಬಂತು, ನನ್ನಿಂದ ನಿಮಗೆಲ್ಲ. ಯಾವ ಮನೆಗೆ ಹೋದರೂ, "ಏನ್ ಶಾಣ್ಯಾ ಹುಡುಗ್ರರೀ ನಿಮ್ಮವು" ಎಂದು ಜನ ನಿಮ್ಮನ್ನು ಹೊಗಳಿದಾಗ ನನಗೆ ಹೆಮ್ಮೆಯಾಗುತ್ತಿತ್ತು. ಅವತ್ತು ಆಗಲಿಲ್ಲ. ಅವಳ ಕೈಯಲ್ಲಿದ್ದ ಚೂರನ್ನು ನೋಡಿದಾಗ ನನಗೆ ಯಾದಿ ನೆನಪಾಯಿತು.

ಊಟವಾದ ಮೇಲೆ ಗಂಡಸರು ಬಾವಿಯ ಕಡೆ ಹೋದರು. ಮಾಮಿ ಕಡಲೆಗಿಡ ಕೀಳಲು ಹೋದಳು. ನಾವಿಬ್ಬರೇ ಉಳಿದೆವು. ನಾನು ಡಬ್ಬಿಯ ಮುಚ್ಚಳ ಹಾಕುತ್ತ, ತೆಗೆಯುತ್ತ, ಕೊನೆಗೆ ಕೇಳಿದೆ.

"ಘಟ್ಟದ ಕೆಳಗಿನ ಕಾಲೇಜು ಮೊದಲ ಯಾಕ ಬರದಿ?"

"ಇರ್ಲಿ ಬಿಡು ಆಯಿ."

"ನನ್ನ ಸಲುವಾಗಿ ಬರದಿದ್ರ..." ಎಂದೆ.

ಅವಳು ನನ್ನ ಮುಖ ನೋಡಿ ನಕ್ಕಳು. ಬಹಳ ದಿನಗಳ ಮೇಲೆ ಬಂದ ನಗು. "ನಿನ್ನ ಸಲುವಾಗಿ? ಇಲ್ಲ ಆಯಿ. ಖರೇ ಹೇಳ್ಬೇಕಂದ್ರ ಅದು ನನ್ನ ತಲ್ಯಾಗ ಬಂದಿದ್ದೂ ಇಲ್ಲ."

ನಾನು ನೆಲದ ಮೇಲೆ ಬಿದ್ದಿದ್ದ ಎಳ್ಳಿನ ಕಾಳುಗಳನ್ನು ಆರಿಸಿದೆ. ಎರಡು ದಿನ ಹಿಡಿದುಕೊಂಡಿದ್ದ ಸಂತೋಷ, ಯಾರದೋ ಮನೆಯ ಪಾತ್ರೆಯನ್ನು ತಿರುಗಿ ಕೊಟ್ಟಂತೆ ಕೈ ಬಿಟ್ಟು ಹೋಯಿತು. ಸಿಟ್ಟು ಬರಲಿಲ್ಲ. ಹದಿನೇಳರ ಹುಡುಗಿಯ ತಲೆಯಲ್ಲಿ ನಾನು ಯಾಕೆ ಬರಬೇಕು?

"ಮತ್ಯಾಕ?" ಎಂದೆ.

"ಇಷ್ಟ ಸ್ಕೋರ್ ಇಟ್ಕೊಂಡು ದೊಡ್ಡದನ್ನ ಮೊದಲ ಹೆಂಗ ಕೇಳ್ಲಿ? ಕೇಳಿದ್ರ ಏನೂ ಹೋಗೂದಿಲ್ಲ, ಅದು ನನಗೂ ಗೊತ್ತದ. ಸಿಗಲಿಲ್ಲಂದ್ರ ಅಂಜಿಕಿ ಇಲ್ಲ ಆಯಿ. ಸಿಕ್ಕಬಿಟ್ರ? ಮೊದಲನೇ ದಿನಾನ ಕೇಳ್ತಾರ, ಇಷ್ಟಕ್ಕ ಹೆಂಗ ಬಂದಿ, ಯಾವ ಯಾದಿ ಒಳಗ ಬಂದಿ ಅಂತ. ಎದರ ಮನಿ ಆಂಟಿ ಅಂದ್ರಲ್ಲ, ಹಂಗ. ಸಣ್ಣದನ್ನ ನಾನ ಕೇಳಿ ತೊಗೊಂಡ್ರ, ಯಾರೂ ನನಗ ಕೊಟ್ಟಂಗ ಆಗೂದಿಲ್ಲ."

ಆ ಕೊನೆಯ ಮಾತು ಕೇಳಿ ನನ್ನ ಕೈ ನಿಂತಿತು. ಅದು ನನ್ನ ಅವ್ವನ ಮಾತು. ನಾನು ಅದನ್ನು ಈ ಹುಡುಗಿಗೆ ಎಂದೂ ಹೇಳಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಊರಲ್ಲಿ ದೊಡ್ಡವರ ಮನೆಯ ಮದುವೆಗೆ ನಮ್ಮ ಓಣಿಯವರನ್ನೂ ಕರೆಯುತ್ತಿದ್ದರು. ನಮ್ಮ ಸಾಲು ಅಂಗಳದ ಹೊರಗೆ, ಎಲ್ಲರದೂ ಮುಗಿದ ಮೇಲೆ. ಬುಟ್ಟಿ ನಮ್ಮ ತನಕ ಬರುವಷ್ಟರಲ್ಲಿ ಅದರ ತಳದಲ್ಲಿ ಮುರಿದ ಹೋಳಿಗೆಯೇ ಉಳಿದಿರುತ್ತಿತ್ತು. ಬಡಿಸುವವರು ಅದನ್ನು ಎತ್ತರದಿಂದ ಎಲೆಗೆ ಬಿಡುತ್ತಿದ್ದರು. ಒಮ್ಮೆ ನಾನು, ನನಗೆ ಇಡಿದು ಬೇಕು ಎಂದು ಅತ್ತೆ. ಅವ್ವ ನನ್ನ ಬಾಯಿ ಮುಚ್ಚಿ, ಬಡಿಸುವವನಿಗೆ ತಾನೇ, "ನಮಗ ಮುರದದ್ದು ಹಾಕ್ರೀ ಯಪ್ಪಾ, ಅದ ರುಚಿ" ಎಂದಳು. ಮನೆಗೆ ಬರುವಾಗ ಹೇಳಿದಳು: "ಮುರದದ್ದನ್ನ ನಾವ ಮೊದಲ ಕೇಳಬೇಕವ್ವಾ. ಅಂದ್ರ ಅವರು ಕೊಟ್ಟಂಗ ಆಗೂದಿಲ್ಲ, ನಾವ ತೊಗೊಂಡಂಗ ಆಗ್ತದ." ಅವ್ವ ತನ್ನ ಮಾನ ಉಳಿಸಿಕೊಳ್ಳಲು ಕಂಡುಕೊಂಡ ದಾರಿ ಅದು. ಅವಳಿಗೆ ಬೇರೆ ದಾರಿ ಇರಲಿಲ್ಲ. ಆಮೇಲೆ ಕಾಲ ಬದಲಾಯಿತು. ನಿಮ್ಮ ಅಜ್ಜ ಮಾಸ್ತರರಾದರು, ಪಟ್ಟಣಕ್ಕೆ ಬಂದೆವು, ಗೋಡೆಗೆ ಬುದ್ಧನ ಚಿತ್ರ ಬಂತು, ಡಬ್ಬಿಯ ತುಂಬ ಹೋಳಿಗೆ ಬಂತು. ಕಾರಣ ಮರೆತುಹೋಗಿ ರೀತಿ ಮಾತ್ರ ಉಳಿಯಿತು. ಅದನ್ನೇ ನಾನು ಒಳ್ಳೆಯ ನಡತೆ ಎಂದು ನಿಮಗೆ ಕಲಿಸಿದೆ.

ಇದನ್ನೆಲ್ಲ ಅವಳಿಗೆ ಅವತ್ತು ಹೇಳಲಾಗಲಿಲ್ಲ. ಈಗ ನಿಮಗೆ ಬರೆಯುತ್ತಿರುವಷ್ಟು ಸರಾಗವಾಗಿ ನನ್ನ ಬಾಯಿ ನಡೆಯುವುದಿಲ್ಲ. ನಾನು ಡಬ್ಬಿ ತೆಗೆದು ಒಂದು ಇಡಿ ಹೋಳಿಗೆ ಅವಳ ಮುಂದೆ ಹಿಡಿದೆ.

"ಇದನ್ನ ತಿನ್ನು."

"ಹೊಟ್ಟಿ ತುಂಬೇದ. ಮತ್ತ ಮುರದದ್ದು ಇನ್ನೂ ಉಳದಾವಲ್ಲ?"

"ಅವು ಇರ್ಲಿ. ಇವತ್ತಿಂದ ಇಡಿದು ಮೊದಲ."

"ಅಂದ್ರ ಕಾಯ್ದೆ ಬದಲಿ ಆತೇನು?"

"ಹ್ಞೂಂ. ಆತು."

"ಕಾಯ್ದೆ ಮಾಡಾಕಿ ನೀನ, ಬದಲಿ ಮಾಡಾಕಿ ನೀನ! ಹಂಗ ನಡ್ಯೂದಿಲ್ಲ ಆಯಿ. ಚರ್ಚೆ ಆಗ್ಬೇಕು, ಮಂಜೂರಿ ಬೇಕು."

"ಕೇಳೋರು ಕೇಳ್ತಾರವ್ವಾ," ಎಂದೆ. "ಸಣ್ಣ ಕಾಲೇಜಿಗೆ ಹೋದ್ರೂ ಕೇಳ್ತಾರ. ಮನಿ ಅಂಗಳದಾಗೂ ಕೇಳಿದ್ರಲ್ಲ. ಕೇಳೋರ ಸಲುವಾಗಿ ನೀ ಯಾಕ ಮುರದದ್ದು ತಿಂತಿ?"

ಅವಳು ಹೋಳಿಗೆಯನ್ನು ತೆಗೆದುಕೊಂಡಳು. ಅರ್ಧ ತಿಂದು, ಉಳಿದರ್ಧ ನನ್ನ ಕೈಗೆ ಕೊಟ್ಟು, "ಈಗ ಇದೂ ಮುರದದ್ದು ಆತು" ಎಂದು ನಕ್ಕಳು. ಮನೆಗೆ ಬಂದವಳೇ ಕಾಲು ತೊಳೆಯದೆ ಫೋನು ಹಿಡಿದು ಕುಳಿತು ಯಾದಿಯನ್ನು ತಿರುವಿ ಬರೆದಳು. ದೊಡ್ಡವು ಮೇಲೆ, ಖಾತ್ರಿಯವು ಕೆಳಗೆ. ಕಳಿಸುವ ಮೊದಲು ನನಗೆ ಒಮ್ಮೆ ಓದಿ ತೋರಿಸಿದಳು. ಈ ಸಲ ನನಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಹುಬ್ಬಳ್ಳಿಗೆ ಹತ್ತಿರದ ಊರು ಯಾದಿಯ ತಳದಲ್ಲಿತ್ತು, ಅಷ್ಟನ್ನು ಮಾತ್ರ ಗಮನಿಸಿದೆ.

ಮೊದಲ ಸುತ್ತಿನಲ್ಲಿ ಅವಳಿಗೆ ಸಿಕ್ಕದ್ದು ಅದೇ ಘಟ್ಟದ ಕೆಳಗಿನ ಕಾಲೇಜು. ಮನೆಯಲ್ಲಿ ಎಲ್ಲರಿಗೂ ಉಸಿರು ಬಂದಂತಾಯಿತು. ಅಲ್ಲಿಗೇ ನಿಲ್ಲಬಹುದಿತ್ತು, ಅಥವಾ ಸೀಟನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯಬಹುದಿತ್ತು. ಕಾದು ಮೇಲಿನದು ಸಿಕ್ಕರೆ ಈ ಸೀಟು ಹೋಗುತ್ತದೆ. ಮಾಮಿ, "ಇಷ್ಟ ಸಾಕು, ಹತ್ತಿರ ಅದ, ಹೆಣ್ಣ ಹುಡುಗಿ" ಎಂದಳು. ಮಾಮಾ ಕೂಡ ತಲೆ ಆಡಿಸಿದ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಿಮ್ಮ ಅಕ್ಕ ಯಾರನ್ನೂ ಕೇಳದೆ ನನ್ನನ್ನು ನೋಡಿದಳು. ಸೊಸೆಯ ಮಾತಿಗೆ ಅಡ್ಡ ಮಾತಾಡಿದ ರೂಢಿ ನನಗಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, "ಸಾಕು ಅನ್ನಬ್ಯಾಡ" ಎಂದೆ. ಅಷ್ಟು ಹೇಳಿ ಒಳಗೆ ಹೋಗಿ ಒಲೆಯ ಮೇಲೆ ಏನೂ ಇರದಿದ್ದರೂ ಅಲ್ಲೇ ನಿಂತೆ. ಹೊರಗಿನಿಂದ ನಿಮ್ಮ ಮಾಮಾನ ದನಿ ಕೇಳಿತು. "ಅವ್ವ ಬಾಯಿ ಬಿಟ್ಟಾಳಂದ್ರ ಕಾಯೂಣು."

ಆಮೇಲೆ ಬೇಸಿಗೆಯವರೆಗೂ ಕಾಯುವುದೇ ಆಯಿತು. ಒಂದೊಂದು ಸುತ್ತು ಬಂದಾಗಲೂ ಅವಳು ಯಾದಿಯಲ್ಲಿ ಸ್ವಲ್ಪ ಮೇಲೇರಿದಳು, ಊರು ಸ್ವಲ್ಪ ದೂರವಾಯಿತು. ಅವಳು ಮತ್ತೆ ನನಗೆ ಓದತೊಡಗಿದ್ದಳು. ಈಗ ಪರೀಕ್ಷೆಯಿಲ್ಲ, ಬರೀ ಪತ್ರಿಕೆ. ನಾನು ಕೇಳುತ್ತ, ಮುಂದಿನ ಸುತ್ತು ಬರದಿದ್ದರೆ ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡದ್ದನ್ನು ಯಾರಿಗೂ ಹೇಳಲಿಲ್ಲ. ಎಲ್ಲಕ್ಕಿಂತ ಮೇಲೆ ಬರೆದಿದ್ದವು ಕೊನೆಯವರೆಗೂ ಸಿಗಲಿಲ್ಲ. ಸರ್ ಹೇಳಿದ್ದು ಸರಿಯಾಗಿತ್ತು. ಆ ಅಂಕಕ್ಕೆ ಅವು ಸಿಗುವಂಥವಲ್ಲ. ಕೊನೆಯ ಸುತ್ತಿನಲ್ಲಿ ಸಿಕ್ಕದ್ದು ಅವುಗಳ ನಂತರದ ಹಳೆಯ, ಹೆಸರುವಾಸಿ ಕಾಲೇಜು. ರೈಲಿನಲ್ಲಿ ಎರಡು ದಿನದ ದಾರಿ. ನಮ್ಮ ಭಾಷೆ ಯಾರಿಗೂ ಬಾರದ ಊರು. ಮೊದಲು ಬರೆದಿದ್ದ ಯಾದಿಯನ್ನೇ ಕಳಿಸಿದ್ದರೆ ಅದು ಅವಳನ್ನು ಮುಟ್ಟುತ್ತಲೇ ಇರಲಿಲ್ಲ.

ಅವಳು ಹೊರಟ ದಿನ ನಾನು ಸ್ಟೇಷನ್ನಿಗೆ ಹೋಗಲಿಲ್ಲ. ಅಷ್ಟು ಜನರ ನಡುವೆ ಅಳು ಬಂದರೆ ಎಂದು ಭಿಡೆ. ಗೇಟಿನಲ್ಲಿ ನಿಂತೆ. ಆಟೋ ತಿರುವಿನಲ್ಲಿ ಹೋದಮೇಲೆ ಎದುರು ಮನೆಯ ಹೆಂಗಸು, "ಎಲ್ಲಿ ಸಿಕ್ತರೀ ಕಡೀಕೆ?" ಎಂದರು. ಊರಿನ ಹೆಸರು ಹೇಳಿದೆ. "ಭಾಳ ದೂರ ಆತಲ್ಲರೀ" ಎಂದರು. ಹೌದ್ರಿ ಎಂದೆ. ಈ ಸಲ ಆ ಮಾತು ನಿಜವಾಗಿತ್ತು.

ಹೋದ ವಾರ ಅವಳ ಫೋನು ಬಂದಿತ್ತು. ಊಟದ ಸಾಲಿನಲ್ಲಿ ಒಬ್ಬಳು ಕೇಳಿದಳಂತೆ, ನಿನ್ನ ಸ್ಕೋರ್ ಎಷ್ಟು, ಯಾವ ಯಾದಿ ಎಂದು.

"ಏನಂದಿ?"

"ಇದ್ದದ್ದು ಹೇಳಿದೆ. ಆಮೇಲೆ ಆಕಿ ಏನೂ ಅನ್ನಲಿಲ್ಲ. ನನ್ನ ಮಗ್ಗಲೂ ಕೂಡ್ರಲಿಲ್ಲ."

"ಮತ್ತ ನೀ?"

"ಕೂತು ಉಂಡೆ ಆಯಿ. ಒಬ್ಬಾಕಿನ ಉಂಡೆ. ಆದ್ರ ಹೊಟ್ಟಿ ತುಂಬ ಉಂಡೆ."

ನಾನೂ ಮಧ್ಯಾಹ್ನ ಒಬ್ಬಳೇ ಉಣ್ಣುತ್ತೇನೆ ಎಂದು ಹೇಳೋಣವೆನ್ನಿಸಿತು. ಹೇಳಲಿಲ್ಲ. ಪತ್ರಿಕೆಯಲ್ಲಿ ಬಂದಿದ್ದ ಒಂದು ಸುದ್ದಿಯನ್ನು ಓದಿ ಹೇಳಿದೆ. ಇಬ್ಬರು ಅಣ್ಣತಮ್ಮಂದಿರು ಒಂದು ಬಾವಿಗಾಗಿ ಕೋರ್ಟಿಗೆ ಹೋದದ್ದು. ಈಗ ಓದುವವಳು ನಾನು. ಪೂರ್ತಿ ಕೇಳಿ ಅವಳು, "ನೀ ಏನಂತಿ, ತಪ್ಪು ಯಾರದು?" ಎಂದು ಕೇಳಿದಳು. ಅಷ್ಟರಲ್ಲಿ ಅವಳ ಕಾಲೇಜಿನ ಗಂಟೆ ಹೊಡೆಯಿತು. ಉತ್ತರ ನನ್ನ ಹತ್ತಿರವೇ ಉಳಿಯಿತು.

ಇವತ್ತು ಅವಳಿಗೆ ಕಳಿಸಲು ಶೇಂಗಾ ಹೋಳಿಗೆ ಮಾಡಿದ್ದೇನೆ. ಅರಿವೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಇಡಿಯವನ್ನಷ್ಟೇ ತುಂಬಿದೆ. ತವೆಯ ಮೇಲೆ ಮುರಿದ ಎರಡು ತಾಟಿನಲ್ಲಿವೆ. ಅವುಗಳ ಪಕ್ಕದಲ್ಲಿ ಒಂದು ಇಡಿದನ್ನು ನನಗೆಂದು ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಯಾರೂ ಇಲ್ಲ. ಆದರೂ ಅದಕ್ಕೆ ಮೊದಲು ಕೈ ಹಾಕಲು ಇನ್ನೂ ಆಗಿಲ್ಲ. ಇಷ್ಟು ಬರೆದು ಮುಗಿಸಿ ತಿನ್ನುತ್ತೇನೆ.